ಆಯ್ತು ಅಕ್ಕೋರೆ

ಐದನೇ ಕ್ಲಾಸಿನ ಗಣಿತದ ಪೇಪರುಗಳನ್ನು ತಿದ್ದಿ ಮುಗಿಸಿದ ತ್ರಿಪುರಸುಂದರಿ ಕೆಂಪು ಪೆನ್ನು ಕೆಳಗಿಟ್ಟಳು. ಅರ್ಧಕ್ಕೆ ಮೂರರಲ್ಲೊಂದು ಭಾಗ ಕೂಡಿಸಿ ಎಂದರೆ ಇಡೀ ಕ್ಲಾಸು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿ ಐದರಲ್ಲೆರಡು ಎಂದು ಬರೆದಿತ್ತು. ಭಿನ್ನರಾಶಿ ಶುರುವಾದಾಗಿನಿಂದ ಅವಳು ಗಂಟಲು ಹರಿದುಕೊಂಡು ಹೇಳಿದ್ದಳು. ಪ್ರತಿ ಸಲವೂ ಅರ್ಥ ಆಯ್ತಾ ಎಂದು ಕೇಳಿದ್ದಳು. ಪ್ರತಿ ಸಲವೂ ಹೆಂಚು ಹಾರಿಹೋಗುವ ಹಾಗೆ 'ಆಯ್ತು ಅಕ್ಕೋರೆ' ಎಂಬ ಉತ್ತರ ಬಂದಿತ್ತು.

ಕಡೂರಿನ ಕಡೆಯಿಂದ ನೆಮ್ಮಾರಿನ ಹತ್ತಿರದ ಈ ಶಾಲೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಇದೇ ಮೊದಲ ಕೆಲಸ. ಮುಂದಿನ ವಾರ ಮಕ್ಕಳ ಕಲಿಕೆ ಹೇಗಿದೆಯೆಂದು ನೋಡಲು ಇಲಾಖೆಯ ಸಾಹೇಬರು ಬರುವವರಿದ್ದರು. ಅವರು ಏನು ಬರೆದುಕೊಂಡು ಹೋಗುತ್ತಾರೋ ಎಂಬ ಭಯ ಇದ್ದೇ ಇತ್ತು. ತನಗೆ ಪಾಠ ಮಾಡಲು ಬರುವುದೇ ಇಲ್ಲವೇನೋ ಎಂಬ ಸಂಕಟ ಅದಕ್ಕಿಂತ ದೊಡ್ಡದು. ಹೆಡ್‌ಮಾಸ್ಟರು ಪರಮೇಶ್ವರಯ್ಯನವರಿಗೆ ಮಾತ್ರ ಇದು ತಲೆಬಿಸಿಯ ವಿಷಯವೇ ಅಲ್ಲ. ಸಾಹೇಬರು ಕೇಳಿದಾಗಲೂ ಹೀಗೇ ಗಟ್ಟಿಯಾಗಿ ಆಯ್ತು ಅನ್ನಲಿ, ಅವರಿಗೂ ಬಸ್ಸಿಗೆ ಹೊತ್ತಾಗಿರುತ್ತದೆ ಎಂದು ಮಕ್ಕಳ ಎದುರಿಗೇ ಸಮಾಧಾನ ಹೇಳಿದರು.

ಎಲ್ಲರಿಗಿಂತ ಜೋರಾಗಿ ಆಯ್ತು ಅನ್ನುತ್ತಿದ್ದವಳು ಮುಂದಿನ ಸಾಲಿನ ಅರ್ಪಿತಾ. ತ್ರಿಪುರಸುಂದರಿ ಅವಳನ್ನು ಹತ್ತಿರ ಕರೆದು, ಗೊತ್ತಾಗದಿದ್ದರೂ ಆಯ್ತು ಅಂದದ್ದು ಯಾಕೆ ಎಂದು ಮೆತ್ತಗೆ ಕೇಳಿದಳು.

"ನೀವು ಅಷ್ಟು ಕಷ್ಟಪಟ್ಟು ಹೇಳ್ತಿದ್ರಿ ಅಕ್ಕೋರೆ. ಬಡಿಸ್ತಾ ಇರೋರ ಹತ್ರ ಸಾಲ್ಲಿಲ್ಲ ಅಂತ ಹೇಳ್ತಾರಾ? ಮನೇಲಿ ಬೈತಾರೆ."

ತ್ರಿಪುರಸುಂದರಿಗೆ ನಗು ಬಂತು, ಹಿಂದೆಯೇ ಕಣ್ಣೂ ತುಂಬಿತು. ಈ ಕಡೆ ಊಟಕ್ಕೆ ಕೂತವರು ಹಸಿದಿದ್ದರೂ ಸಾಕು ಸಾಕು ಅನ್ನುತ್ತಾರೆ. ಬಡಿಸುವವರು ಅದನ್ನು ಕಿವಿಗೇ ಹಾಕಿಕೊಳ್ಳದೆ ಇನ್ನೊಂದು ಸೌಟು ಸುರಿಯುತ್ತಾರೆ. ತಾನೊಬ್ಬಳು ಮಾತ್ರ ಮಕ್ಕಳ ಮಾತು ನಂಬಿ ಪಾತ್ರೆ ಎತ್ತಿಕೊಂಡು ಹೋಗಿದ್ದಳು.

ಮರುದಿನ ಅಕ್ಕಿರೊಟ್ಟಿ ತಂದಳು. ಅರ್ಧ ಮುರಿದಿಟ್ಟು, ಪಕ್ಕದಲ್ಲಿ ಮೂರರಲ್ಲೊಂದು ಭಾಗ ಇಟ್ಟು, ಎರಡೂ ಸೇರಿದರೆ ಅರ್ಧಕ್ಕಿಂತ ಕಡಿಮೆ ಹೇಗಾಯಿತು ಎಂದು ಕೇಳಿದಾಗ ಮಕ್ಕಳು ತಾವು ಬರೆದದ್ದಕ್ಕೆ ತಾವೇ ಬಿದ್ದು ಬಿದ್ದು ನಕ್ಕರು. ಗೊತ್ತಾಗದಿದ್ದರೆ ಇಲ್ಲ ಅನ್ನಬೇಕು, ಅದೇ ನನಗೆ ಕೊಡುವ ಮರ್ಯಾದೆ ಎಂದಳು. ಆ ದಿನ ಯಾರೂ ಬಾಯಿ ಬಿಡಲಿಲ್ಲ. ವಾರ ಮುಗಿಯುವ ಹೊತ್ತಿಗೆ ಅಲ್ಲೊಂದು ಇಲ್ಲೊಂದು 'ಇಲ್ಲ' ನಾಚಿಕೊಂಡು ಹೊರಬಂತು.

ಸಾಹೇಬರು ಬಂದರು. ಪುಸ್ತಕದಲ್ಲಿದ್ದ ಕಷ್ಟದ ಲೆಕ್ಕವೊಂದನ್ನೇ ಆರಿಸಿ, ತಾವೇ ಸೀಮೆಸುಣ್ಣ ಹಿಡಿದು ಬಡಬಡನೆ ಬಿಡಿಸಿ ತಿರುಗಿದರು. "ಅರ್ಥ ಆಯ್ತಾ?"

ಬಾಗಿಲಲ್ಲಿ ನಿಂತ ಪರಮೇಶ್ವರಯ್ಯನವರು ಹೂಂ ಅನ್ನಿ ಎಂದು ತಲೆಯಾಡಿಸಿದ್ದೇ ಆಡಿಸಿದ್ದು. ಒಂದು ಪಿಳ್ಳೆಯೂ ಉಸಿರೆತ್ತಲಿಲ್ಲ. ಕೊನೆಗೆ ಅರ್ಪಿತಾ ಎದ್ದು ನಿಂತು, ಅರ್ಧ ಗೊತ್ತಾಯ್ತು ಸಾರ್ ಎಂದಳು. ಹೆಡ್‌ಮಾಸ್ಟರ ಮುಖ ಸಪ್ಪಗಾಯಿತು. ತ್ರಿಪುರಸುಂದರಿಗೆ ಭಯದ ನಡುವೆಯೂ ಹುಡುಗಿಯ ಮೇಲೆ ಉಕ್ಕಿದ ಹೆಮ್ಮೆಯನ್ನು ತಡೆಯಲಾಗಲಿಲ್ಲ.

ಸಾಹೇಬರು ಬೋರ್ಡು ಒರೆಸಿ, ಈ ಸಲ ಚಿತ್ರ ಬರೆದು ನಿಧಾನವಾಗಿ ಹೇಳಿದರು. ಈಗ ಹೇಗೆ ಎಂದು ಅರ್ಪಿತಾಳನ್ನೇ ಕೇಳಿದರು.

"ಇನ್ನೊಂದು ಕಾಲುಭಾಗ ಗೊತ್ತಾಯ್ತು ಸಾರ್."

ಅವರು ಒಮ್ಮೆ ತ್ರಿಪುರಸುಂದರಿಯ ಕಡೆ ನೋಡಿ, ಹುಡುಗಿಯ ಹತ್ತಿರ ಬಗ್ಗಿದರು. "ಹಾಗಾದ್ರೆ ಒಟ್ಟು ಎಷ್ಟಾಯ್ತು ಮಾರಾಯ್ತಿ?"

"ಮುಕ್ಕಾಲು ಸಾರ್. ಉಳಿದ ಕಾಲು ನಮ್ಮ ಅಕ್ಕೋರು ಹೇಳಿಕೊಡ್ತಾರೆ, ನಿಮಗೆ ಬಸ್ಸಿಗೆ ಹೊತ್ತಾಗ್ತದೆ."