ಎದುರಿನ ಗಾಜು

"ಈ ನಾಬ್ ಬಲಕ್ಕೆ ತಿರುಗಿಸಿದ್ರೆ ಗಾಳಿ ಜೋರು, ಎಡಕ್ಕೆ ಕಮ್ಮಿ. ಪಕ್ಕದ ಗುಂಡಿ ಒಂದು ಸಲ ಒತ್ತಿದ್ರೆ ಮುಖಕ್ಕೆ, ಇನ್ನೊಂದು ಸಲ ಒತ್ತಿದ್ರೆ ಕಾಲಿಗೆ," ಎಂದರು ಮಾವ. ಕಾರು ಮನೆಯ ಗೇಟಿನ ಮುಂದೆಯೇ ನಿಂತಿತ್ತು. ಲೈಸೆನ್ಸ್ ಕೈಗೆ ಬಂದ ಮೇಲೆ ಸೊಸೆ ಅದರ ಸ್ಟಿಯರಿಂಗ್ ಹಿಡಿದು ಕೂತದ್ದು ಇದೇ ಮೊದಲು. ನಾಳೆ ಮಾವ ತಂಗಿಯ ಮನೆಗೆ ಹೊರಟಿದ್ದರು. ಅವರು ವಾಪಸಾಗುವವರೆಗೆ ಮಗಳು ಗುಬ್ಬಿಯನ್ನು ಸ್ಕೂಲಿನಿಂದ ಕರೆತರುವ ಕೆಲಸ ಇವಳದು. ಆದರೆ ಇವತ್ತು ಬರೀ ಪಾಠ. ಪಾಠ ಮುಗಿದ ಕೂಡಲೇ ಸೀಟು ಬಿಟ್ಟುಕೊಡಬೇಕು, ಮೊಮ್ಮಗಳನ್ನು ಕರೆತರಲು ತಾನೇ ಹೋಗುವುದು ಎಂದು ಮಾವ ಮೊದಲೇ ಕರಾರು ಹಾಕಿದ್ದರು.

ಅಂಗಡಿ ಮುಚ್ಚುವವರೆಗೂ ಮಾವ ಟೈಲರ್ ಆಗಿದ್ದವರು. ಗಿರಾಕಿಗಳ ಜೊತೆ ಹರಟುತ್ತಲೇ ಕಾಜಾ ಹಾಕಿ ಮುಗಿಸುತ್ತಿದ್ದ ಆ ಬೆರಳುಗಳು ಈಗ ಡ್ಯಾಶ್‌ಬೋರ್ಡಿನ ಮೇಲೂ ಹಾಗೆಯೇ ಓಡಾಡುತ್ತಿದ್ದವು. ಅವರು ಕಣ್ಣನ್ನು ಅತ್ತ ಹೊರಳಿಸುತ್ತಲೂ ಇರಲಿಲ್ಲ. ಮುದುಕರಿಗೆ ಜಂಬ ನೋಡು ಎಂದುಕೊಂಡು ಸೊಸೆ ಒಳಗೊಳಗೇ ನಕ್ಕಳು.

"ಹಿಂದಿನ ಸೀಟಿನ ಗಾಳಿಕಿಂಡಿ ಯಾವಾಗಲೂ ಮೇಲ್ಮುಖವಾಗಿರ್ಲಿ. ಗಾಳಿ ನೇರ ಎದೆಗೆ ಬಿದ್ರೆ ಗುಬ್ಬಿಗೆ ಕೆಮ್ಮು ಶುರುವಾಗುತ್ತೆ. ಗೋಗರೀತಾಳೆ, ಮುಖ ಊದಿಸ್ತಾಳೆ, ನೀನು ಮಾತ್ರ ಕರಗಬೇಡ."

"ನೀವು ಕರಗಲ್ವಾ ಮಾವ?"

"ನಾನು ಐಸ್‌ಕ್ರೀಮಿಗೆ ಮಾತ್ರ ಕರಗ್ತೀನಿ."

ಸೊಸೆ ನಗುತ್ತ ಸ್ಕ್ರೀನಿನ ಸೆಟ್ಟಿಂಗ್ಸ್ ತೆರೆದಳು. ಬೆಳಕು ತುತ್ತತುದಿಯಲ್ಲಿತ್ತು. ಅಕ್ಷರ ಇರುವುದರಲ್ಲೇ ದೊಡ್ಡದು. ಸ್ಪೀಡಿನ ಅಂಕಿಯೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮಾವ ತೆಗೆದುಹಾಕಿದ್ದರು, ನಿಂತ ಕಾರಿನ ಆ ಸೊನ್ನೆಯೇ ತಟ್ಟೆಯಗಲ ಹರಡಿಕೊಂಡಿತ್ತು. "ಇದೇನು ಮಾವ, ಕಾರೋ, ಬಸ್ ಸ್ಟ್ಯಾಂಡಿನ ಬೋರ್ಡೋ?" ಎಂದು ಬೆಳಕನ್ನು ಅರ್ಧಕ್ಕೆ ಇಳಿಸಿದಳು. ಈಗ ಕಣ್ಣಿಗೆ ಹಿತವಾಯಿತು.

"ಯಾಕೆ ಆರಿಸಿದೆ?" ಎಂದರು ಮಾವ.

"ಆರಿಸಿಲ್ಲ ಮಾವ. ಉರೀತಾನೇ ಇದೆಯಲ್ಲ."

"ಏನು ಉರಿಯುತ್ತೋ! ಮೊದಲಿದ್ದ ಹಾಗೇ ಇಡು. ಈ ಕಂಪನಿಯೋರ ಸ್ಕ್ರೀನೇ ಮಂಕು. ಗಾಜಿನದೂ ಅದೇ ಹಣೆಬರಹ. ನೋಡು, ಆಗಲೇ ಮಂಜು ಹಿಡಿದಿದೆ. ಇದೇ ಈ ಕಾರಿನ ದೊಡ್ಡ ರೋಗ. ಹೇಳಿದ್ರೆ ಶೋರೂಮಿನೋರು ಮುಖ ಮುಖ ನೋಡ್ಕೊಂಡು, ಏನೂ ಇಲ್ಲ ಸಾರ್ ಅಂತಾರೆ. ಗಾಜಿನ ಚಿತ್ರ ಇರೋ ಗುಂಡಿ ಒತ್ತು, ಗಾಳಿ ಪೂರ್ತಿ ಜೋರು ಮಾಡು."

ಸೊಸೆ ಎದುರಿನ ಗಾಜನ್ನು ನೋಡಿದಳು. ಬೆಳಿಗ್ಗೆ ತೊಳೆದ ಗಾಜು. ಎದುರುಮನೆಯ ಕಾಂಪೌಂಡಿನ ಮೇಲೆ ಬೆಕ್ಕೊಂದು ಪಾದ ನೆಕ್ಕುತ್ತಿತ್ತು. ಅದರ ಮೀಸೆ ಕೂಡ ಕಾಣುತ್ತಿತ್ತು.

"ಈಗ, ಈ ಹೊತ್ತಲ್ಲೂ ಇದೆಯಾ ಮಾವ?"

"ಇಲ್ವಾ ಮತ್ತೆ? ನಿನಗೆ ಕಾಣಿಸ್ತಿಲ್ವಾ?"

ಸೊಸೆ ಬೆಕ್ಕನ್ನು ಬಿಟ್ಟು ಮಾವನ ಕಣ್ಣುಗಳ ಕಡೆ ತಿರುಗಿದಳು. ತಾತ ದಾರಿಯುದ್ದಕ್ಕೂ ಹಾರ್ನ್ ಒತ್ತುತ್ತಾನೇ ಇರ್ತಾರೆ ಎಂದು ಗುಬ್ಬಿ ಮೊನ್ನೆ ಅಣಕಿಸಿ ತೋರಿಸಿದಾಗ ಮನೆಯವರೆಲ್ಲ ನಕ್ಕಿದ್ದರು. ಎಡಗಡೆ ಬಂಪರಿನ ಗೀರಿಗೆ ಮಾವ ಗೇಟಿನ ಕಂಬವನ್ನೇ ಬೈದಿದ್ದರು. ಹಿಂದಿನ ಸೀಟಿನಲ್ಲಿ ಮಗುವಿನ ಬೆಲ್ಟು ಬಿಚ್ಚಿ ಬಿದ್ದಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಸ್ಕೂಲು ಬಿಡುತ್ತದೆ, ಈ ಮನುಷ್ಯ ಸ್ಟಿಯರಿಂಗ್ ಹಿಡಿಯುತ್ತಾರೆ.

ಹೇಳಬೇಕು. ಹೇಗೆ ಹೇಳುವುದು? ಈ ಮನೆಗೆ ಬಂದ ಹೊಸತರಲ್ಲಿ ಅವಳ ಪರ ನಿಂತು ಸ್ವಂತ ಮಗನಿಗೇ ಬೈದವರು ಇವರು. ನಿಮಗೆ ಕಣ್ಣು ಕಾಣುವುದಿಲ್ಲ ಎಂದು ಅವರ ಮುಖಕ್ಕೆ ಹೇಳಲು ಅವಳಿಗೆ ಬಾಯಿ ಬರಲಿಲ್ಲ. ಅವರು ಹೇಳಿಕೊಟ್ಟ ಗುಂಡಿಯನ್ನೇ ಒತ್ತಿ ಗಾಳಿಯನ್ನು ಪೂರ್ತಿ ಜೋರು ಮಾಡಿದಳು. ಭರ್ರೆನ್ನುವ ಸದ್ದು ಕಾರನ್ನೆಲ್ಲ ತುಂಬಿಕೊಂಡಿತು. ಆ ಸದ್ದಿನಲ್ಲಿ, ಅವರ ಕಡೆಯ ಕಿಟಕಿಯ ಗುಂಡಿಯನ್ನೂ ಒತ್ತಿ ಹಿಡಿದಳು. ಗಾಜು ಮೆಲ್ಲಗೆ ಬಾಗಿಲೊಳಗೆ ಇಳಿದುಹೋಯಿತು. ಅಡ್ಡಕ್ಕೆ ಗಾಜೇ ಇಲ್ಲದಾಗಲಾದರೂ ಮಂಜು ಎಲ್ಲಿದೆಯೆಂದು ಅವರಿಗೇ ತಿಳಿಯಲಿ ಎಂದು ಹಾಗೆ ಮಾಡಿದಳು. ಮಾಡಿದ ಮರುಕ್ಷಣ ಮಾಡಬಾರದಿತ್ತು ಅನ್ನಿಸಿತು.

"ಹೋಗ್ತಾ ಇಲ್ಲ ನೋಡು," ಎಂದು ಗೊಣಗುತ್ತ ಮಾವ ಜೇಬಿನಿಂದ ಬಟ್ಟೆಯ ತುಂಡೊಂದನ್ನು ತೆಗೆದರು. ಅಂಗಡಿಯ ಕಾಲದ ಕಟ್ ಪೀಸು, ಅಂಚು ಹೊಲಿದದ್ದು. ಎದುರಿನ ಗಾಜನ್ನು ಒರೆಸಿದರು. ಬಟ್ಟೆಯನ್ನು ಮುಟ್ಟಿ ನೋಡಿದರು, ತೇವವಿರಲಿಲ್ಲ. "ಈ ಕಡೆನೂ ಹಿಡಿದಿದೆ," ಎಂದು ಪಕ್ಕದ ಕಿಟಕಿಯ ಕಡೆ ಕೈ ಚಾಚಿದರು.

ಕೈ ಮೊಣಕೈವರೆಗೂ ಹೊರಗೆ ಹೋಯಿತು.

ಮಾವ ಅದನ್ನು ಒಳಗೆ ಎಳೆದುಕೊಳ್ಳಲಿಲ್ಲ. ಬಟ್ಟೆ ಹಿಡಿದ ಬೆರಳುಗಳು ಬಿಸಿಲಿನಲ್ಲಿ ಒಮ್ಮೆ ಅತ್ತ, ಒಮ್ಮೆ ಇತ್ತ ಆಡಿ ಗಾಜನ್ನು ಹುಡುಕಿದವು. ಆಮೇಲೆ ಸುಮ್ಮನಾದವು. ಸೊಸೆ ಕಣ್ಣೊರೆಸಿಕೊಂಡಳು.

ಕೊನೆಗೆ ಮಾವ ಕೈ ಒಳಗೆ ತೆಗೆದುಕೊಂಡು ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟರು. ನಾಬನ್ನು ತಡವಿ ಗಾಳಿ ನಿಲ್ಲಿಸಿದರು. ಸೀಟು ಬಿಟ್ಟುಕೊಡು ಎನ್ನಲಿಲ್ಲ. ತಮ್ಮ ಬೆಲ್ಟನ್ನು ಎಳೆದು ಹಾಕಿಕೊಂಡರು.

"ಸ್ಕೂಲು ಬಿಡೋ ಹೊತ್ತಾಯ್ತು, ಹೊರಡು," ಎಂದರು. ಕಾರು ಗೇಟು ಬಿಟ್ಟು ರಸ್ತೆಗೆ ಇಳಿದ ಮೇಲೆ, ಮುಖವನ್ನು ಎದುರಿನ ಗಾಜಿಗೇ ನೆಟ್ಟುಕೊಂಡು ಮೆಲ್ಲಗೆ ಕೇಳಿದರು:

"ಎದುರಿಗೆ ಏನೇನು ಬರುತ್ತೋ ಹೇಳ್ತಾ ಹೋಗಮ್ಮ. ದಾರಿ ಇಷ್ಟು ದಿನ ಹೇಗಿತ್ತು ಅಂತ ನನಗೂ ಗೊತ್ತಾಗ್ಲಿ."