ದಾನಿಯ ಊಟ

"ಏನ್ ತಿಂದ್ಕೊಂಡು ಬಂದಿದ್ದೀಯಪ್ಪ?" ಎಂದು ರಕ್ತನಿಧಿಯ ಶಿಖಾ ಕೇಳಿದಳು. ಅವಳ ಕೈಯ ನಳಿಕೆಯಲ್ಲಿ ದಾನಿ ಮೊಹ್ಸಿನ್‌ನ ರಕ್ತ ಎರಡು ಪದರವಾಗಿ ನಿಂತಿತ್ತು. ಕೆಳಗೆ ಕೆಂಪು, ಮೇಲೆ ತಿಳಿ ಹಳದಿ ಇರಬೇಕಾದ ಕಡೆ ಹಾಲಿನಂಥ ಬಿಳುಪು.

ಉತ್ತರ ಕೊಟ್ಟವಳು ಪಕ್ಕದಲ್ಲಿದ್ದ ಮನ್ವಾರಾ ಬೇಗಂ, ಅದೂ ಹೆಮ್ಮೆಯಿಂದ. "ನಾನೇ ತಿನ್ನಿಸಿದ್ದು. ಕಚ್ಚಿ ಬಿರಿಯಾನಿ, ಮೇಲೊಂದು ಲೋಟ ಬೊರ್ಹಾನಿ ಮಜ್ಜಿಗೆ. ಬೇಡ ಬೇಡ ಅಂದ, ನಾ ಬಿಡ್ಲಿಲ್ಲ. ನನ್ನ ಮಗಳಿಗೋಸ್ಕರ ನಾರಾಯಣಗಂಜಿಂದ ಬಂದಿದ್ದಾನೆ, ಬರೀ ಹೊಟ್ಟೇಲಿ ಮಲಗಿಸ್ಲಾ?"

"ಆ ತುಪ್ಪವೆಲ್ಲ ಈಗ ಇವನ ರಕ್ತದಲ್ಲಿ ತೇಲ್ತಿದೆ, ಖಾಲಾ. ಮಷಿನ್‌ಗೆ ಇದ್ರಿಂದ ಪ್ಲೇಟ್‌ಲೆಟ್ ತೆಗೆಯಕ್ಕಾಗಲ್ಲ. ತಿಳಿಯಾಗ್ಬೇಕು. ಐದಾರು ಗಂಟೆ ಬೇಕು."

ಮೇಲಿನ ಮಹಡಿಯಲ್ಲಿ ಮಗಳು ಲುಬ್ನಾ ಡೆಂಗಿಯಲ್ಲಿ ಮಲಗಿದ್ದಳು. ಬೆಳಗಿನಿಂದ ಮೂಗಿನ ರಕ್ತ ನಿಂತಿರಲಿಲ್ಲ. ರಕ್ತ ಕಟ್ಟಿಸುವ ಪ್ಲೇಟ್‌ಲೆಟ್ ಎಂಟು ಸಾವಿರಕ್ಕೆ ಇಳಿದಿದೆ, ಇವತ್ತೇ ಕೊಡಬೇಕು ಎಂದು ಡಾಕ್ಟರು ಹೇಳಿಹೋಗಿದ್ದರು. ಅವಳದು ಬಿ ನೆಗೆಟಿವ್. ಅರ್ಧ ಢಾಕಾ ಡೆಂಗಿಯಲ್ಲಿ ಮಲಗಿರುವಾಗ ಇನ್ನೊಬ್ಬ ದಾನಿಯನ್ನು ಎಲ್ಲಿಂದ ತರುವುದು? ಎರಡು ದಿನ ಫೋನು ಹಚ್ಚಿ ಸಿಕ್ಕವನು ಇವನೊಬ್ಬ.

ಉಪಚಾರ ಮಾಡಲು ಹೋಗಿ ಅಪಚಾರ ಆಗುವುದುಂಟು, ಆದರೆ ಮಗಳ ಜೀವಕ್ಕೇ ಕುತ್ತು ಬರುವಷ್ಟು? ಲುಬ್ನಾ ಹೋದರೆ ಡೆಂಗಿಯಿಂದಲ್ಲ, ತಾನು ಬಡಿಸಿದ ತಟ್ಟೆಯಿಂದ ಎಂಬ ಭಯ ಹೊಕ್ಕು ಮನ್ವಾರಾ ಬೆಂಚಿನ ಮೇಲೆ ಕೂತುಬಿಟ್ಟಳು.

"ನಾ ಎಲ್ಲೂ ಹೋಗಲ್ಲ, ಖಾಲಾ," ಎಂದ ಮೊಹ್ಸಿನ್. "ಸಾಕು ಅಂದ್ರೂ ಇನ್ನೊಂದು ಆಲೂಗಡ್ಡೆ ಹಾಕಿದ್ರಲ್ಲ, ಅದು ಕರಗೋವರೆಗೂ ಇಲ್ಲೇ ಕೂತಿರ್ತೀನಿ."

ಅವಳಿಗೆ ನಗು ಬರಲಿಲ್ಲ. ಪಕ್ಕದಲ್ಲಿ ಕಾಯುತ್ತಿದ್ದ ಇನ್ನೊಬ್ಬ ರೋಗಿಯ ತಮ್ಮ ಮೊಹ್ಸಿನ್‌ಗೆ ಸಮೋಸದಂಥ ಶಿಂಗಾಡಾ ಚಾಚಿದಾಗ ನಡುವೆ ಕೈ ಅಡ್ಡ ಹಿಡಿದು, "ಇವನಿಗೆ ಬೇಡ," ಎಂದಳು. ಜನ್ಮದಲ್ಲಿ ಯಾರಿಗೂ ಹಾಗೆ ಅಂದವಳಲ್ಲ. ಗಂಟೆಗೊಮ್ಮೆ ಮೇಲೆ ಓಡಿ ಮಗಳ ಮೂಗಿನ ಹತ್ತಿ ನೋಡುವಳು, ಇಳಿದು ಬಂದು ಇವನ ಬಾಯಿ ನೋಡುವಳು. ಮಧ್ಯಾಹ್ನ ಎರಡರ ಹೊತ್ತಿಗೆ ಲುಬ್ನಾಳ ಒಸಡಿನಲ್ಲೂ ರಕ್ತ ಕಾಣಿಸಿತು.

"ಅಮ್ಮಾ, ಕೊಡೋರು ಬಂದ್ರಾ?"

"ಬಂದಿದ್ದಾನೆ, ಕಂದಾ." ಮತ್ತೇಕೆ ಇನ್ನೂ ಕೊಟ್ಟಿಲ್ಲ ಎಂಬ ಮುಂದಿನ ಪ್ರಶ್ನೆ ಬರುವ ಮೊದಲೇ ಅವಳು ಕೆಳಗೆ ಓಡಿದಳು.

ಸಂಜೆ ಐದಕ್ಕೆ ಶಿಖಾ ಮತ್ತೆ ರಕ್ತ ತೆಗೆದು ನಳಿಕೆಯನ್ನು ಯಂತ್ರದಲ್ಲಿ ತಿರುಗಿಸಿದಳು. ಆ ಹತ್ತು ನಿಮಿಷ ಮನ್ವಾರಾ ಯಾವ ಪ್ರಾರ್ಥನೆಯನ್ನೂ ಪೂರ್ತಿ ಹೇಳಲಾಗದೆ ಅರ್ಧರ್ಧಕ್ಕೆ ಬಿಟ್ಟಳು. ನಳಿಕೆ ಹೊರಬಂತು. ಮೇಲಿನ ಪದರ ತಿಳಿ ಹಳದಿಯಾಗಿತ್ತು.

"ಆಯ್ತು, ಮಲಗಿಸೋಣ," ಎಂದಳು ಶಿಖಾ. "ಆದ್ರೆ ಆ ಬಿರಿಯಾನಿ ಆದ್ಮೇಲೆ ಏನೂ ತಿಂದಿಲ್ಲ ಇವನು. ಹೀಗೇ ಮಲಗಿಸಿದ್ರೆ ತಲೆ ತಿರುಗಿ ಅರ್ಧಕ್ಕೇ ನಿಲ್ಲಿಸ್ಬೇಕಾಗುತ್ತೆ. ತಗೊಳ್ಳಿ ಖಾಲಾ, ಎರಡು ಬಿಸ್ಕತ್ತು ತಿನ್ನಿಸಿ."

ಮನ್ವಾರಾ ಎರಡೂ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡಳು.

"ನೀನೇ ಕೊಡಮ್ಮಾ. ನನ್ನ ಕೈಯಿಂದ ಬೇಡ."