ಆಯಿಲ್ ಪ್ಯಾನಿಗೆ ಸವರಿದ ವಿಭೂತಿ

ಬಿಳಿ ಪುಡಿಯ ಮೇಲೆ ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದು ಮೂಡಿತ್ತು. ಇವತ್ತಿಗೂ ವಿಭೂತಿಯ ವಾಸನೆ ಬಂದರೆ ನನಗೆ ಮೊದಲು ನೆನಪಾಗುವುದು ಆ ಚುಕ್ಕೆ.

ಆಗ ನಾನಿನ್ನೂ ಚಿಕ್ಕವಳು. ಮರುದಿನ ಅಜ್ಜಿಗೆ ದುರ್ಗದ ಆಸ್ಪತ್ರೆಯಲ್ಲಿ ಕಣ್ಣಿನ ಆಪರೇಷನ್ ಇತ್ತು. ಹೆದರಿ ಎರಡು ಸಲ ತಪ್ಪಿಸಿಕೊಂಡಿದ್ದ ಅವಳು, ಮಗನ ಕಾರಿನಲ್ಲಾದರೆ ಮಾತ್ರ ಬರುತ್ತೇನೆ ಎಂದಿದ್ದಳು. ಆ ಹಳೇ ಕಾರು ಹೊಸದುರ್ಗದ ನಮ್ಮ ಅಂಗಳದಲ್ಲಿ ಆಯಿಲ್ ಸೋರಿಸುತ್ತ ನಿಂತಿತ್ತು. ಎಂಜಿನ್ನಿನ ಅಡಿಯ ಆಯಿಲ್ ಪ್ಯಾನ್ ಪೂರ್ತಿ ಜಿಡ್ಡಾಗಿದ್ದರಿಂದ ಎಲ್ಲಿಂದ ಸೋರುತ್ತಿದೆ ಎಂದೇ ತಿಳಿಯುತ್ತಿರಲಿಲ್ಲ.

ಅಪ್ಪ ಪ್ಯಾನನ್ನು ಸೀಮೆಎಣ್ಣೆಯಿಂದ ಒರೆಸಿ, "ಅವ್ವಾ, ನಿನ್ನ ವಿಭೂತಿ ಒಂದಿಷ್ಟು ಪುಡಿ ಮಾಡಿ ಕೊಡು" ಎಂದ.

"ಏನಪ್ಪ, ಕಾರಿಗೂ ದೀಕ್ಷೆ ಕೊಡ್ತೀಯೇನು?" ಎನ್ನುತ್ತಲೇ ಅಜ್ಜಿ ಗಟ್ಟಿಯನ್ನು ಅಂಗೈಯಲ್ಲಿ ಪುಡಿ ಮಾಡಿದಳು.

ಅಪ್ಪ ಅದನ್ನು ಪ್ಯಾನಿಗೆಲ್ಲ ಸವರಿ, ಎಂಜಿನ್ ಓಡಿಸಿ ನಿಲ್ಲಿಸಿ, ನನ್ನನ್ನೂ ಕಾರಿನಡಿಗೆ ಕರೆದ. "ಸೋರೋ ಕಡೆ ಪುಡಿ ಕಪ್ಪಾಗ್ತೈತೆ. ಎಲ್ಲಿ ಕಪ್ಪಾಗೈತೆ ಹೇಳವ್ವ."

ಆಯಿಲ್ ಇಳಿಸುವ ಕೆಳಗಿನ ನೆಟ್ಟಿನ ಅಂಚಿನಲ್ಲಿ ಆ ಚುಕ್ಕೆ ನನ್ನ ಕಣ್ಣೆದುರೇ ಅಗಲವಾಯಿತು. ಬೆರಳು ತೋರಿಸಿದೆ.

"ವಾಷರ್ ಹೋಗೈತೆ, ಅಷ್ಟೇ" ಎಂದ ಅಪ್ಪ, ಆಯಿಲನ್ನು ಬಾಂಡ್ಲಿಗೆ ಇಳಿಸಿ, ಹೊಸ ವಾಷರ್ ಹಾಕಿ ಮತ್ತೆ ತುಂಬಿದ.

ಮರುದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕಾರಿನಡಿ ತೆವಳಿ, ಆ ನೆಟ್ಟನ್ನು ಮುಟ್ಟಿ ನೋಡಿದೆ. ಬೆರಳಿಗೆ ಏನೂ ಅಂಟಲಿಲ್ಲ. ಒಳಗೆ ಓಡಿ, ಮುಸುಕು ಹೊದ್ದು ಮಲಗಿದ್ದ ಅಜ್ಜಿಯ ಕಾಲು ಅಲುಗಾಡಿಸಿದೆ: "ಏಳಜ್ಜಿ, ಸೋರ್ತಾ ಇಲ್ಲ. ಹೋಗಾಣ."